ಸ್ಕೇಲು ನೆಟ್ಟಗೆ ಮಾಡಿದ ತಂತಿ

ಸ್ಕೇಲಿಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನ ಒಳ್ಳೆಯ ಗುಣಗಳನ್ನು ಮೊದಲು ಹೇಳುತ್ತ ಹೋದರೆ ನೀವು ಮರುಳಾಗಿ, ಇಂಥ ಮನುಷ್ಯ ಹಾಗೆ ಮಾಡಿಯಾನೇ ಎಂದು, ಕತೆ ಹೇಳುವವರ ಮೇಲೇ ಅನುಮಾನ ಪಡುತ್ತೀರಿ. ಮಾಡಿಯಾನು. ಮಾಡಿದ ಕೂಡ. ಅದೇನೂ ಎಲ್ಲರಲ್ಲೂ ಇರುವಂಥ ಚಿಲ್ಲರೆ ಹೊಟ್ಟೆಕಿಚ್ಚಲ್ಲ. ಪಕ್ಕದ ಮನೆಯವರು ಹೊಸ ಸೋಫಾ ತಂದರೆ ಅವನು ಕತ್ತೆತ್ತಿಯೂ ನೋಡುವವನಲ್ಲ. ಇದ್ದಬದ್ದ ಉರಿಯನ್ನೆಲ್ಲ ಅವನು ಒಬ್ಬನೇ ಒಬ್ಬ ಮನುಷ್ಯನಿಗಾಗಿ ಎತ್ತಿಟ್ಟಿದ್ದ. ಆ ಮನುಷ್ಯ ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ.

ಸ್ಕೇಲು ಹಳೆಯ ಆಂಪ್ಲಿಫೈಯರ್ ರಿಪೇರಿ ಮಾಡುತ್ತಾನೆ. ಒಳಗೆ ಗಾಜಿನ ವಾಲ್ವುಗಳು ಕೆಂಪಗೆ ಉರಿಯುವ, ಹಾಕಿದ ತಕ್ಷಣ ಮಾತಾಡದೆ ಬಿಸಿಯಾಗುವ ತನಕ ಕಾಯಿಸುವ, ಎತ್ತಿದರೆ ಸೊಂಟ ಹಿಡಿಸುವ ಪೆಟ್ಟಿಗೆಗಳು. ಗಿಟಾರ್ ನುಡಿಸುವ ಕೆಲವರಿಗೆ ಇವತ್ತಿಗೂ ಅವೇ ಬೇಕು. ಅವನ ಅಂಗಡಿ ಅವನ ಮನೆಯ ಕೆಳಗೇ ಇದೆ, ಬೀದಿಯಿಂದ ಮೆಟ್ಟಿಲಿಳಿದು ಹೋಗಬೇಕಾದ ಉದ್ದನೆಯ ಕೋಣೆ. ಅದರ ಕಿಟಕಿ ಬೀದಿಯ ಮಟ್ಟಕ್ಕಿರುವುದರಿಂದ ಒಳಗೆ ಕೂತವನಿಗೆ ಹೊರಗಿನವರ ಕಾಲು ಮಾತ್ರ ಕಾಣುತ್ತದೆ. ಯಾವ ಚಪ್ಪಲಿ ಯಾರದು, ಯಾವ ಬೂಟಿನ ಹಿಮ್ಮಡಿ ಯಾವ ಕಡೆಗೆ ಸವೆದಿದೆ, ಎಲ್ಲ ಅವನಿಗೆ ಬಾಯಿಪಾಠ. ಗೋಡೆಯ ಮೇಲೆ ಸ್ಕ್ರೂಡ್ರೈವರುಗಳು ಎತ್ತರದ ಪ್ರಕಾರ ನಿಂತಿರುತ್ತವೆ. ಯಾರಾದರೂ ಒಂದನ್ನು ತೆಗೆದು ಬೇರೆ ಕಡೆ ಸಿಕ್ಕಿಸಿದರೆ ಅವನಿಗೆ ಊಟ ಸೇರುವುದಿಲ್ಲ. ಅವನು ಜೋಡಿಸಿದ ತಂತಿಗಳು ಎಲ್ಲೂ ವಾರೆಯಾಗುವುದಿಲ್ಲ, ತಿರುಗಬೇಕಾದ ಕಡೆ ಮೂಲೆಮಟ್ಟಕ್ಕೆ ತಿರುಗುತ್ತವೆ. ಅದಕ್ಕೇ ಆ ಹೆಸರು.

ಹೆಸರಿಟ್ಟವರು ಮಾವ. ಮಾವ ಆಗುವ ಮೊದಲು ಅವರು ಗುರುಗಳಾಗಿದ್ದರು. ಅವರ ಅಂಗಡಿಯಲ್ಲಿ ಕೆಲಸ ಕಲಿಯಲು ಇಬ್ಬರು ಹುಡುಗರು ಸೇರಿದರು. ಒಬ್ಬ ಸ್ಕೇಲಾದ. ಇನ್ನೊಬ್ಬ ಕಟ್ಟಿದ ಪೆಟ್ಟಿಗೆಯ ಒಳಗೆ ನೋಡಿ ಗುರುಗಳು, “ಇದೇನಯ್ಯ, ಗುಬ್ಬಚ್ಚಿ ಗೂಡು ಕಟ್ಟಿದ ಹಾಗಿದೆ” ಎಂದರು. ಅವನು ಗುಬ್ಬಚ್ಚಿಯಾದ. ಬಾಗಿಲು ತುಂಬುವ ಹಾಗೆ ಬೆಳೆದು ನಿಂತ ಮೇಲೂ, ತಲೆ ನರೆತ ಮೇಲೂ, ಅವನು ಗುಬ್ಬಚ್ಚಿಯೇ. ಮುಂದೆ ಗುಬ್ಬಚ್ಚಿ ಗುರುಗಳ ದೊಡ್ಡ ಮಗಳನ್ನು ಮದುವೆಯಾದ, ಸ್ಕೇಲು ಚಿಕ್ಕ ಮಗಳನ್ನು. ಹಾಗಾಗಿ ಹೊಟ್ಟೆಕಿಚ್ಚಿಗೆ ಮನೆಯೊಳಗೇ ಒಂದು ಮೂಲೆ ಸಿಕ್ಕಿತು.

ಕಾರಣ ಏನು ಅಂದರೆ ಹೇಳಲು ನಾಚಿಕೆಯಾಗುವಷ್ಟು ಸಣ್ಣದು. ಸ್ಕೇಲು ಒಂದು ಕೆಲಸ ಮುಗಿಸಿ ತೋರಿಸಿದರೆ ಗುರುಗಳು ಕನ್ನಡಕ ಏರಿಸಿಕೊಂಡು ಒಳಗೆಲ್ಲ ಇಣುಕಿ, “ನೋಡೋಕೆ ತುಂಬ ಚೆನ್ನಾಗಿದೆ” ಅನ್ನುತ್ತಿದ್ದರು. ಗುಬ್ಬಚ್ಚಿ ತೋರಿಸಿದರೆ ಒಳಗೆ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ ಸ್ಪೀಕರಿನ ಕಡೆ ತಲೆ ವಾಲಿಸಿ ಕೇಳುತ್ತಿದ್ದರು, ಆಮೇಲೆ ಒಂದು ಸಲ ತಲೆದೂಗುತ್ತಿದ್ದರು. ಮಾತಿಲ್ಲ ಕತೆಯಿಲ್ಲ, ಬರೀ ಆ ತಲೆದೂಗು. ನೋಡೋಕೆ ಚೆನ್ನಾಗಿದೆ ಅನ್ನುವುದು ಹೆಣ್ಣು ನೋಡಲು ಬಂದವರು ಒಪ್ಪಿಗೆಯಾಗದಾಗ ಆಡುವ ಮಾತು ಎಂದು ಸ್ಕೇಲಿಗೆ ಅನ್ನಿಸುತ್ತಿತ್ತು. ತನಗೂ ಒಂದು ತಲೆದೂಗು ಸಿಗಲಿ ಎಂದು ಅವನು ಕಾದೇ ಕಾದ. ಸಿಗುವ ಮೊದಲೇ ಗುರುಗಳು ತೀರಿಕೊಂಡರು. ಆ ಮೇಲೆ ಅವನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ: ಗುಬ್ಬಚ್ಚಿಗಿಂತ ನೀನೇ ಮೇಲು ಎಂದು ಯಾರಾದರೂ, ಯಾರಾದರೂ ಸರಿ, ಒಂದು ಸಲ ಹೇಳಬೇಕು.

ಯಾರೂ ಹೇಳಲಿಲ್ಲ. ಹೆಂಡತಿಯಂತೂ ಹೇಳುವ ಪೈಕಿಯೇ ಅಲ್ಲ. “ಭಾವ ಅಕ್ಕನಿಗೆ ಹೊಲಿಗೆ ಮಿಷನ್ ಸರಿ ಮಾಡಿ ಕೊಟ್ರಂತೆ” ಅನ್ನುತ್ತಿದ್ದಳು. “ಭಾವ ಎಷ್ಟು ದಪ್ಪ ಇದ್ರೂ ಮೆಟ್ಟಿಲು ಹತ್ತಿದ್ರೆ ಏದುಸಿರು ಬರಲ್ಲ ನೋಡಿ” ಅನ್ನುತ್ತಿದ್ದಳು. ಭಾವ ಮಳೆಯಲ್ಲಿ ನೆನೆದರೆ ಅದೂ ಒಂದು ಸುದ್ದಿ. ಇವನು ತಟ್ಟೆಯ ಮೇಲೆ ಕಣ್ಣು ನೆಟ್ಟು ಅನ್ನ ನುಂಗುತ್ತಿದ್ದ. ಅವಳು ಬೇಕೆಂದೇ ಹೇಳುತ್ತಿದ್ದಳೋ, ಸುಮ್ಮನೆ ಬಾಯಿಗೆ ಬರುತ್ತಿತ್ತೋ, ಅದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಅಕ್ಕತಂಗಿಯರಿಬ್ಬರ ಮದುವೆಯೂ ಒಂದೇ ದಿನ ಆಗಿತ್ತು, ಫೋಟೋ ಗೋಡೆಯ ಮೇಲಿದೆ. ಅದರಲ್ಲಿ ನಡುವೆ ನಿಂತು ಹಲ್ಲು ಕಿರಿದಿರುವವನು ಗುಬ್ಬಚ್ಚಿ. ಅಂಚಿನಲ್ಲಿ ಟೈ ನೆಟ್ಟಗೆ ಮಾಡಿಕೊಳ್ಳುತ್ತ ಅರ್ಧ ತಲೆ ತಗ್ಗಿಸಿರುವವನು ಇವನು.

ಹೀಗಿರುವಾಗ ಒಂದು ಬೆಳಿಗ್ಗೆ ಕಿಟಕಿಯಲ್ಲಿ ಕಂದು ಬಣ್ಣದ ಲೇಸಿನ ಬೂಟು ಕಾಣಿಸಿತು. ಆ ಬೂಟು ಗಿಟಾರ್ ಮೇಡಂದು. ಸಂಗೀತ ಹೇಳಿಕೊಡುವ, ವಾರಕ್ಕೊಮ್ಮೆ ಕ್ಲಬ್ಬಿನಲ್ಲಿ ನುಡಿಸುವ, ಮಾತಿಗಿಂತ ನಗುವೇ ಹೆಚ್ಚಿರುವ ಹೆಂಗಸು. ಅವರ ಹತ್ತಿರ ಒಂದು ಹಳೆಯ ಆಂಪ್ಲಿಫೈಯರ್ ಇತ್ತು. ಸುತ್ತಮುತ್ತ ಅಷ್ಟು ಇಂಪಾದ ಪೆಟ್ಟಿಗೆ ಇನ್ನೊಂದಿಲ್ಲ ಎಂದು ಎಲ್ಲರಿಗೂ ಗೊತ್ತು. ಅದನ್ನು ಮೊದಲಿನಿಂದ ಮುಟ್ಟಿದವನು ಗುಬ್ಬಚ್ಚಿ ಒಬ್ಬನೇ. ಮದುವೆ ಮುಂಜಿ ಅಂತ ಯಾರ ಮನೆಗೆ ಹೋದರೂ ಅವನು ಅದರ ಮಾತು ತೆಗೆಯದೆ ಬರುತ್ತಿರಲಿಲ್ಲ.

ಮೇಡಂ ಆಟೋದವನ ಕೈಲಿ ಪೆಟ್ಟಿಗೆ ಇಳಿಸಿ, “ಗುಂಯ್ ಅಂತ ಸದ್ದು ಬರ್ತಿದೆ. ನುಡಿಸದೆ ಸುಮ್ನೆ ಇದ್ರೂ ಗುಂಯ್. ನೀವೇ ನೋಡ್ಬೇಕು” ಎಂದರು.

“ಯಾಕೆ, ನಮ್ಮ ಷಡ್ಡಕರು ಇಲ್ವಾ?” ಎಂದ ಸ್ಕೇಲು, ಏನೂ ಗೊತ್ತಿಲ್ಲದವನ ಹಾಗೆ.

“ಅವ್ರು ಈಚೆಗೆ ಕೆಲಸ ತಗೊಳ್ತಾ ಇಲ್ಲ. ಪುರುಸೊತ್ತಿಲ್ಲ ಅಂತಾರೆ. ಕೇಳಿದ್ದಕ್ಕೆ ನಕ್ಕು ಸುಮ್ನಾಗ್ತಾರೆ. ನಂಗೆ ಬರೋ ವಾರ ರೆಕಾರ್ಡಿಂಗ್ ಇದೆ, ಕಾಯೋಕಾಗಲ್ಲ.”

ಪುರುಸೊತ್ತಿಲ್ಲವಂತೆ! ತಲೆ ತಿರುಗಿದೆ ಅವನಿಗೆ, ಅಂದುಕೊಂಡ ಸ್ಕೇಲು. ಹೆಂಡತಿಯೂ ಮೊನ್ನೆ ಇದೇ ಧಾಟಿಯಲ್ಲಿ ಏನೋ ಹೇಳಿದ್ದಳು: ಭಾವ ಫೋನಿನಲ್ಲಿ ಮಾತೇ ಆಡುವುದಿಲ್ಲ, ಎತ್ತಿದ ಕೂಡಲೇ ಅಕ್ಕನ ಕೈಗೆ ಕೊಟ್ಟುಬಿಡುತ್ತಾರೆ ಎಂದು. ದೊಡ್ಡಸ್ತಿಕೆ ಬಂದರೆ ಮನುಷ್ಯ ಹಾಗೇ ಆಗುವುದು. ಆದರೆ ಈ ಉರಿಯ ಜೊತೆಗೇ ಅವನೊಳಗೆ ಇನ್ನೊಂದು ಸಂತೋಷ ಉಕ್ಕುತ್ತಿತ್ತು. ಮೇಡಂ ಮೆಟ್ಟಿಲು ಹತ್ತಿ ಹೋದ ಮೇಲೆ ಅವನು ಬಾಗಿಲು ಹಾಕಿ, ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. ಗುಬ್ಬಚ್ಚಿಯ ಮುದ್ದಿನ ಪೆಟ್ಟಿಗೆ ತನ್ನ ಮೇಜಿನ ಮೇಲೆ! ಅವನ ಕಾಲು ನೆಲದ ಮೇಲಿರಲಿಲ್ಲ.

ಹಚ್ಚಿ ಕೇಳಿದ. ದಪ್ಪನೆಯ, ಹೊಟ್ಟೆಯೊಳಗಿಂದ ಬರುವಂಥ ಗುಂಯ್. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಗೋಡೆಯ ಕರೆಂಟು ಅಲೆಅಲೆಯಾಗಿ ಬರುತ್ತದೆ, ಅದನ್ನು ಸಮ ಮಾಡುವುದು ದೊಡ್ಡ ಕಂಡೆನ್ಸರುಗಳ ಕೆಲಸ. ವಯಸ್ಸಾದ ಮೇಲೆ ಅವು ಒಳಗೇ ಒಣಗುತ್ತವೆ, ಅಲೆ ಸ್ಪೀಕರಿನ ತನಕ ಬರುತ್ತದೆ. ಪೆಟ್ಟಿಗೆ ಆರಿಸಿ, ಒಳಗೆ ಉಳಿದ ಕರೆಂಟನ್ನು ಇಳಿಸಿ, ಅವನು ಹಳೆಯ ಕಂಡೆನ್ಸರುಗಳನ್ನು ತೆಗೆದು ಹೊಸದನ್ನು ಬೆಸೆದ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನಿಲ್ಲಿಸಲು ಆಗಲಿಲ್ಲ. ಒಳಗೆ ಗುಬ್ಬಚ್ಚಿಯ ಕೈಕೆಲಸ ಕಣ್ಣಿಗೆ ರಾಚುತ್ತಿತ್ತು. ಒಂದು ನೀಲಿ ತಂತಿಯಂತೂ, ಸೌಂಡು ಏರಿಸಿ ಇಳಿಸುವ ಗುಂಡಿಯಿಂದ ಎರಡನೆಯ ವಾಲ್ವಿಗೆ ನೆಟ್ಟಗೆ ಹೋಗಬೇಕಾದದ್ದು, ಹೋಗುವುದು ಬಿಟ್ಟು ಟ್ರಾನ್ಸ್‌ಫಾರ್ಮರಿನ ಪಕ್ಕ ಸುಳಿದು, ಮೇಲೆದ್ದು, ಅರ್ಧ ಉಂಗುರದ ಹಾಗೆ ಬಾಗಿ, ಆಮೇಲೆ ವಾಲ್ವಿಗೆ ಬರುತ್ತಿತ್ತು. ಕುಡಿದವನು ಮನೆಗೆ ಹೋದ ಹಾಗೆ. “ಇಂಥದ್ದಕ್ಕೆ ತಲೆದೂಗಿದ್ರಾ ಮಾವ!” ಎಂದು ಸ್ಕೇಲು ಗಟ್ಟಿಯಾಗಿಯೇ ಹೇಳಿದ. ಕತ್ತರಿ ತಗೊಂಡು, ತಂತಿಯ ಉಳಿಕೆಯನ್ನು ಕತ್ತರಿಸಿ, ಮೂಲೆಮಟ್ಟಕ್ಕೆ ಬಗ್ಗಿಸಿ, ನೆಟ್ಟಗೆ ಬೆಸೆದ. ಕತ್ತರಿಸಿದ ತುಂಡು ಕಸದ ಬುಟ್ಟಿಗೆ ಹೋಯಿತು. ಆ ತುಂಡು ಬುಟ್ಟಿಗೆ ಬಿದ್ದಾಗ ಅವನಿಗಾದ ಸುಖ ಹೇಳತೀರದು.

ಮತ್ತೆ ಹಚ್ಚಿದ. ದಪ್ಪ ಗುಂಯ್ ಹೋಗಿತ್ತು. ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು, ತೆಳ್ಳಗೆ, ಒಂದೇ ಸಮನೆ, ಬಾಗಿಲ ಹಿಂದೆ ಯಾರೋ ಬಾಯಿ ಮುಚ್ಚಿ ರಾಗ ಎಳೆದ ಹಾಗೆ.

ಅವತ್ತೂ ಮಾರನೆಯ ದಿನವೂ ಸ್ಕೇಲು ಗುರುಗಳು ಕಲಿಸಿದ್ದನ್ನೆಲ್ಲ ಮಾಡಿದ. ಅವರದೊಂದು ಕಟ್ಟುನಿಟ್ಟಾದ ಪದ್ಧತಿಯಿತ್ತು: ಉರಿಯುತ್ತಿರುವ ಪೆಟ್ಟಿಗೆಯೊಳಗೆ ಮರದ ಕಡ್ಡಿಯಿಂದಲೇ ಮುಟ್ಟಬೇಕು, ಇನ್ನೊಂದು ಕೈ ಬೆನ್ನ ಹಿಂದೆ ಇರಬೇಕು. ಎರಡೂ ಕೈ ಒಳಗಿಟ್ಟರೆ ಕರೆಂಟು ಎದೆ ಹಾದು ಹೋಗುತ್ತದೆ, ಹೋದರೆ ಆಳು ಮೇಲೇಳುವುದಿಲ್ಲ. ಎಡಗೈಯನ್ನು ಬೆನ್ನಿಗಿಟ್ಟುಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಂತವನ ಹಾಗೆ, ಅವನು ಪೆಟ್ಟಿಗೆಯ ಮೇಲೆ ಬಗ್ಗಿ ನಿಂತ. ಸೌಂಡಿನ ಗುಂಡಿ ಪೂರ್ತಿ ಇಳಿಸಿದ, ಸದ್ದು ಇಳಿಯಲಿಲ್ಲ. ಮೊದಲನೆಯ ವಾಲ್ವು ಕಿತ್ತ, ಇತ್ತು. ಎರಡನೆಯದು ಕಿತ್ತ, ಸದ್ದು ಟಕ್ಕನೆ ನಿಂತಿತು. ಅಂದರೆ ಅದು ಒಳಗೆ ನುಗ್ಗುತ್ತಿರುವುದು ಗುಂಡಿಯಾದ ಮೇಲೆ, ಎರಡನೆಯ ವಾಲ್ವಿನ ಬಾಗಿಲಲ್ಲಿ. ಆ ಬಾಗಿಲಿಗೆ ಹೋಗುವ ತಂತಿ ಒಂದೇ, ನೀಲಿಯದು.

ಗೊತ್ತಾಯಿತು. ಮೊದಲೇ ಗೊತ್ತಿತ್ತು ಅನ್ನಿ, ಹೊಟ್ಟೆಯಲ್ಲಿ ಗೊತ್ತಿದ್ದದ್ದು ಈಗ ತಲೆಗೆ ಏರಿತು ಅಷ್ಟೆ. ಟ್ರಾನ್ಸ್‌ಫಾರ್ಮರು ತನ್ನ ಸುತ್ತ ಬೀರುವ ಸದ್ದನ್ನು ಈ ತಂತಿ ಹೇಗೂ ಹಿಡಿಯುತ್ತದೆ. ಗುಬ್ಬಚ್ಚಿ ತಂತಿಯನ್ನು ಕಡ್ಡಿಯಿಂದ ತಳ್ಳಿ ತಳ್ಳಿ, ಕಿವಿಯಿಂದಲೇ ಅಳೆದು, ಒಂದು ಕಡೆ ಹಿಡಿದ ಸದ್ದು ಇನ್ನೊಂದು ಕಡೆ ಹಿಡಿದ ಸದ್ದಿಗೆ ಎದುರಾಗಿ ಎರಡೂ ಸಾಯುವಂಥ ಸೊಟ್ಟ ಹುಡುಕಿದ್ದ. ಆ ಸೊಟ್ಟವೇ ಕೆಲಸವಾಗಿತ್ತು. ಸ್ಕೇಲು ಅದನ್ನು ನೆಟ್ಟಗೆ ಮಾಡಿ ಕೊಂದಿದ್ದ.

ಉದ್ದನೆಯ ಹೊಸ ತಂತಿ ಹಾಕಿ ಅವನೂ ಬಗ್ಗಿಸಿ ನೋಡಿದ. ಹಾಗೆ ಬಗ್ಗಿಸಿದರೆ ಸದ್ದು ಹೆಚ್ಚುತ್ತದೆ, ಹೀಗೆ ಬಗ್ಗಿಸಿದರೆ ಇಳಿಯುತ್ತದೆ, ಆದರೆ ಹೋಗುವುದಿಲ್ಲ. ಅವನ ಕೈಗೆ ಸೊಟ್ಟ ಬರುತ್ತಲೇ ಇರಲಿಲ್ಲ. ಎಷ್ಟು ಬಾಗಿಸಿದರೂ ಕೊನೆಗೆ ಒಂದು ಚೊಕ್ಕ ಮೂಲೆ ಆಗಿಬಿಡುತ್ತಿತ್ತು. ಇಷ್ಟು ವರ್ಷವಾದರೂ ಆ ದಡಿಯ ತನ್ನ ಅಂಗಡಿಯಲ್ಲಿ, ತನ್ನ ಮೇಜಿನ ಮೇಲೆ, ತಾನು ಇಲ್ಲದೆಯೇ ಗೆಲ್ಲುತ್ತಿದ್ದಾನಲ್ಲ ಎಂದು ಸ್ಕೇಲಿಗೆ ಅಳು ಬರುವಷ್ಟು ಉರಿಯಿತು.

ಊಟಕ್ಕೆ ಕೂತಾಗ ಹೆಂಡತಿ ಅವನ ಮುಖ ನೋಡಿ, “ಭಾವನ್ನ ಕರೀಲಾ?” ಎಂದಳು.

“ಯಾಕೆ? ಅವನೇನು ಆಕಾಶದಿಂದ ಇಳಿದಿದ್ದಾನಾ?”

“ಇಳಿದಿದ್ದಾರೋ ಇಲ್ವೋ, ನಿಮ್ಮ ತಲೆ ಮೇಲಂತೂ ಕೂತಿದ್ದಾರೆ. ನಿದ್ದೇಲೂ ಅವರನ್ನೇ ಬೈತಿದ್ರಿ. ಆ ಮೇಡಂ ಪಾಪ ಎರಡು ಸಲ ಬಂದು ಹೋದ್ರು.”

“ಬೇಡ ಅಂದೆ.”

ಅವಳು ಸರಿ ಎಂದು ತಲೆಯಾಡಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು. ತಂಗಿಯರು ಅಕ್ಕಂದಿರಿಗೆ ಫೋನ್ ಮಾಡುವುದನ್ನು ತಡೆಯುವ ಗಂಡಸು ಇನ್ನೂ ಹುಟ್ಟಿಲ್ಲ.

ಸಂಜೆ ಕಿಟಕಿಯಲ್ಲಿ ಎರಡು ದೊಡ್ಡ ಚಪ್ಪಲಿ ಬಂದು ನಿಂತವು. ಗುಬ್ಬಚ್ಚಿ ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ಒಳಗೆ ಬಂದ. ಸ್ಕೇಲಿನ ಹೆಂಡತಿ ಅವನ ಹಿಂದೆಯೇ ಇಳಿದು, “ಭಾವ, ನೀರು ತರ್ಲಾ?” ಎಂದಳು. ಅವನು ಉತ್ತರ ಕೊಡಲಿಲ್ಲ, ತಿರುಗಲೂ ಇಲ್ಲ. ನೋಡು ಸೊಕ್ಕು, ಅಂದುಕೊಂಡ ಸ್ಕೇಲು. ಅವಳು ಮುಂದೆ ಬಂದು ಮತ್ತೆ ಕೇಳಿದಾಗ ಮಾತ್ರ ಅವನು ಅವಳ ತುಟಿಯನ್ನೇ ನೋಡಿ, “ಬೇಡಮ್ಮ, ಈಗ ಕುಡಿದು ಬಂದೆ” ಎಂದ. ಅವಳು ಮೇಲೆ ಹೋದಳು.

ಗುಬ್ಬಚ್ಚಿ ಪೆಟ್ಟಿಗೆಯೊಳಗೆ ನೋಡಿದ. ನೀಲಿ ತಂತಿಯ ಮೇಲೆ ಅವನ ಕಣ್ಣು ನಿಂತಿತು. ಈಗ ನಗುತ್ತಾನೆ, ಈಗ ಒಂದು ಮಾತು ಬಿಸಾಕುತ್ತಾನೆ ಎಂದು ಸ್ಕೇಲು ಹಲ್ಲು ಕಚ್ಚಿ ಕಾದ.

“ಚೊಕ್ಕ ಕೆಲಸ” ಎಂದ ಗುಬ್ಬಚ್ಚಿ, ನಗದೆ. “ನನ್ನ ಕೈಲಿ ಯಾವತ್ತೂ ಹೀಗೆ ಆಗಲ್ಲ.” ಇನ್ನೊಂದು ಉದ್ದನೆಯ ತಂತಿ ಕೇಳಿ ತಗೊಂಡು ತಾನೇ ಬೆಸೆದ. ಪೆಟ್ಟಿಗೆ ಹಚ್ಚಿ, ಬಿಸಿಯಾಗಲು ಬಿಟ್ಟು, ಬಲಗೈಗೆ ಮರದ ಕಡ್ಡಿ ಹಿಡಿದ. ಎಡಗೈಯನ್ನು ಚಾಚಿ ಅಂಗೈಯನ್ನು ಸ್ಪೀಕರಿನ ಕಾಗದದ ಮೇಲೆ ಮೆಲ್ಲಗೆ ಊರಿದ.

ಸ್ಕೇಲಿಗೆ ತಡೆಯಲಾಗಲಿಲ್ಲ. “ಎಡಗೈ ಬೆನ್ನ ಹಿಂದೆ! ಮಾವ ಏನು ಹೇಳಿದ್ರು?”

ಗುಬ್ಬಚ್ಚಿ ಅವನ ತುಟಿ ನೋಡಿ ಅರ್ಥ ಮಾಡಿಕೊಂಡ. “ಬೆನ್ನ ಹಿಂದೆ ಇಟ್ಕೊಂಡ್ರೆ ಕೇಳೋದು ಹೇಗೆ?”

ಸ್ಕೇಲು ಅವನ ಅಂಗೈ ನೋಡಿದ, ಆಮೇಲೆ ಕಿವಿ ನೋಡಿದ.

“ಹೋಗ್ಬಿಟ್ಟಿದೆ ಕಣಯ್ಯ” ಎಂದ ಗುಬ್ಬಚ್ಚಿ. “ಬಲಗಡೆ ಪೂರ್ತಿ. ಎಡಗಡೆ ಹತ್ತಿರ ಬಂದು ಕೂಗಿದ್ರೆ ಅಷ್ಟೋ ಇಷ್ಟೋ. ಕಿವಿಗೆ ಮಿಷನ್ ಹಾಕ್ಕೊಂಡ್ರೆ ಮಾತು ಬಿಟ್ಟು ಬೇರೆಲ್ಲ ಕೇಳ್ಸುತ್ತೆ. ನನ್ನ ಹೆಂಡ್ತಿಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಕಿವಿ ಇಲ್ಲದವನ ಹತ್ರ ಯಾರು ಪೆಟ್ಟಿಗೆ ತರ್ತಾರೆ? ಅದಕ್ಕೇ ಪುರುಸೊತ್ತಿಲ್ಲ ಅಂತ ಹೇಳ್ಕೊಂಡು ತಿರುಗ್ತಿದೀನಿ.” ಆಮೇಲೆ ಸ್ಪೀಕರಿನ ಕಡೆ ಗದ್ದ ತೋರಿಸಿ, “ಕೈಗೆ ದೊಡ್ಡ ಸದ್ದು ಗೊತ್ತಾಗುತ್ತೆ. ಸಣ್ಣದು ಗೊತ್ತಾಗಲ್ಲ. ಕೊನೇದನ್ನ ನೀನೇ ಹೇಳ್ಬೇಕು. ಹೋಯ್ತು ಅಂದ ತಕ್ಷಣ ನಿಲ್ಲಿಸ್ತೀನಿ” ಎಂದ.

ಮನುಷ್ಯನಿಗೆ ಇಂಥ ಹೊತ್ತಿನಲ್ಲಿ ಪಾಪ ಅನ್ನಿಸಬೇಕು. ಸ್ಕೇಲಿಗೂ ಅನ್ನಿಸಿತು, ಇಲ್ಲವೆಂದಲ್ಲ. ಆದರೆ ಪಾಪ ಅನ್ನಿಸಿದ್ದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಕಿವಿ ಹೋದ ಮೇಲೂ ಇವನಿಗೆ ಇದು ಬರುತ್ತದೆಯೇ? ನನಗೆ ಎರಡು ಕಿವಿ ಇದ್ದೂ ಬಾರದ್ದು ಇವನಿಗೆ ಅಂಗೈಯಲ್ಲಿ ಬರುತ್ತದೆಯೇ?

ಬಂತು. ಗುಬ್ಬಚ್ಚಿ ಕಣ್ಣು ಮುಚ್ಚಿ ಕಡ್ಡಿಯಿಂದ ತಂತಿಯನ್ನು ತಳ್ಳುತ್ತ ಹೋದ. ಮೇಲೆ, ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ. ಸದ್ದು ಇಳಿಯಿತು. ಮತ್ತೆ ಏರಿತು. ಅವನು ಅಂಗೈಯನ್ನು ಕಾಗದದ ಮೇಲೆ ಇನ್ನಷ್ಟು ಹಗುರ ಮಾಡಿ, ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಮೈಗೆ ಒರಗಿಸಿ, ತುದಿಯನ್ನು ಒಂದು ಕೂದಲೆಳೆಯಷ್ಟು ಎತ್ತಿದ.

ಸದ್ದು ನಿಂತಿತು. ಇಳಿದದ್ದಲ್ಲ, ನಿಂತದ್ದು. ಕೋಣೆಯಲ್ಲಿ ಇದ್ದಕ್ಕಿದ್ದ ಹಾಗೆ ಬೇರೆಲ್ಲ ಕೇಳತೊಡಗಿತು: ಮೇಲೆ ಹೆಂಡತಿ ಕುರ್ಚಿ ಎಳೆದದ್ದು, ಬೀದಿಯಲ್ಲಿ ಸೈಕಲ್ಲಿನ ಚೈನು, ಎದುರಿನ ಕ್ಷೌರದ ಅಂಗಡಿಯ ರೇಡಿಯೋ. ಪೆಟ್ಟಿಗೆ ಮಾತ್ರ ಇದ್ದೂ ಇಲ್ಲದ ಹಾಗೆ ಉರಿಯುತ್ತಿತ್ತು. ಇಷ್ಟು ಶುದ್ಧವಾದ ಮೌನವನ್ನು ಸ್ಕೇಲು ತನ್ನ ಯಾವ ಪೆಟ್ಟಿಗೆಯಲ್ಲೂ ಕೇಳಿರಲಿಲ್ಲ.

ಗುಬ್ಬಚ್ಚಿ ಕಣ್ಣು ತೆರೆದು ಅವನನ್ನೇ ನೋಡಿದ. “ಹೋಯ್ತಾ?”

“ಇಲ್ಲ” ಎಂದ ಸ್ಕೇಲು. “ಇನ್ನೂ ಇದೆ.”

ಹೇಳಬೇಕೆಂದು ಹೇಳಿದ್ದಲ್ಲ, ಬಾಯಿ ಹೇಳಿತು ಎಂದು ಆಮೇಲೆ ಅವನು ಹೆಂಡತಿಯ ಹತ್ತಿರ ವಾದಿಸಿದ. ನಂಬುವವರು ನಂಬಲಿ.

ಗುಬ್ಬಚ್ಚಿಯ ಹುಬ್ಬು ಗಂಟಾಯಿತು. ಅಂಗೈಯನ್ನು ಎತ್ತಿ, ಒರೆಸಿಕೊಂಡು, ಮತ್ತೆ ಊರಿದ. “ನಂಗೆ ಏನೂ ಸಿಗ್ತಿಲ್ಲ. ಸಣ್ಣಗಿದೆಯಾ?”

“ಸಣ್ಣಗಿದೆ. ಆದ್ರೂ ಇದೆ.”

ಅವನು ತಂತಿಯನ್ನು ಆ ಜಾಗದಿಂದ ಸರಿಸಿದ. ಸದ್ದು ಮರಳಿ ಬಂತು. ಹುಡುಕಿದ, ಹುಡುಕಿದ, ಹಣೆಯ ಬೆವರು ಮೂಗಿನ ತುದಿಗೆ ಬಂತು. ಇನ್ನೊಂದು ಸಲವೂ ಅದೇ ಜಾಗಕ್ಕೆ ಬಂದು, ಅದೇ ಮೌನದಲ್ಲಿ ನಿಂತು, ಅವನು ಕಣ್ಣಿನಲ್ಲೇ ಕೇಳಿದ. ಸ್ಕೇಲು ತಲೆಯಾಡಿಸಿದ, ಇಲ್ಲ ಎಂದು. ಬಾಯಿ ಹೇಳಿತು ಅನ್ನುವ ವಾದ ಈ ಸಲಕ್ಕೆ ನಡೆಯುವುದಿಲ್ಲ.

ಗುಬ್ಬಚ್ಚಿ ಕಡ್ಡಿ ಕೆಳಗಿಟ್ಟ. ಪೆಟ್ಟಿಗೆ ಆರಿಸಿ ಸ್ಟೂಲಿನ ಮೇಲೆ ಕೂತ. ಸ್ಕೇಲಿಗೆ ಅವನನ್ನು ಇಷ್ಟು ಸಣ್ಣಗೆ ಕಂಡ ನೆನಪೇ ಇರಲಿಲ್ಲ.

“ಕೈ ಸುಳ್ಳು ಹೇಳ್ತಿದೆ ನೋಡು” ಎಂದ. “ಹೋಯ್ತು ಅಂತಾನೇ ಹೇಳ್ತು. ಪ್ರಮಾಣ ಮಾಡಿ ಹೇಳೋ ಹಾಗೆ ಹೇಳ್ತು. ಇನ್ಮೇಲೆ ಅದನ್ನೂ ನಂಬೋ ಹಾಗಿಲ್ಲ.”

ಸ್ಕೇಲು ಆ ಕಡ್ಡಿಯನ್ನು ಎತ್ತಿ ಅದರ ಜಾಗದಲ್ಲಿ ಇಟ್ಟ.

“ಮಾವ ನಂಗೆ ಒಂದು ಮಾತು ಹೇಳ್ತಿದ್ರು, ನಿಂಗೆ ಗೊತ್ತಾ? ಸದ್ದು ಪೂರ್ತಿ ಹೋಯ್ತೋ ಇಲ್ವೋ ಅಂತ ಅನುಮಾನ ಬಂದ್ರೆ ನನ್ನನ್ನ ಕೇಳ್ಬೇಡ, ಸ್ಕೇಲನ್ನ ಕೇಳು. ಅವನು ಇಲ್ಲದ್ದನ್ನ ಇದೆ ಅನ್ನೋನಲ್ಲ, ಇರೋದನ್ನ ಇಲ್ಲ ಅನ್ನೋನಲ್ಲ ಅಂತ. ನಾನು ಒಳಗೊಳಗೇ ಎಷ್ಟು ಉರ್ಕೊಂಡಿದ್ದೆ ಗೊತ್ತಾ ಆಗ? ನಾನೇನು ಸುಳ್ಳ ಅಂತಾನಾ ಅರ್ಥ ಅಂತ.” ಅವನು ನಕ್ಕು ಎದ್ದು ನಿಂತ. “ಮಾವ ಹೇಳಿದ್ದು ಸರಿ. ಬೇರೆ ಯಾರಾದ್ರೂ ಆಗಿದ್ರೆ ನನ್ನ ಮುಖ ನೋಡಿ ಪಾಪ ಅಂತ ಹೋಯ್ತು ಅಂದ್ಬಿಡ್ತಿದ್ರು.”

ಅವನು ಮೆಟ್ಟಿಲು ಹತ್ತಿದ. ಆ ಹೊತ್ತಿಗೆ ಸರಿಯಾಗಿ ಕಿಟಕಿಯಲ್ಲಿ ಕಂದು ಬೂಟು ಬಂದಿತ್ತು. ದೊಡ್ಡ ಚಪ್ಪಲಿ ಅದರ ಎದುರು ನಿಂತಿತು. ಕಿವುಡರು ಮಾತಾಡುವುದೇ ಜೋರಾಗಿ, ಹಾಗಾಗಿ ಸ್ಕೇಲಿಗೆ ಪ್ರತಿ ಅಕ್ಷರವೂ ಕೇಳಿಸಿತು.

“ಮೇಡಂ, ಇನ್ಮೇಲೆ ಎಲ್ಲ ಇವನ ಹತ್ರಾನೇ ತನ್ನಿ. ನನ್ನ ಕೈಲಿ ಆಗ್ಲಿಲ್ಲ. ನನಗಿಂತ ಇವನೇ ಮೇಲು.”

ಬಂತು. ಇಷ್ಟು ವರ್ಷ ಬಾಯಿಬಿಟ್ಟುಕೊಂಡು ಕಾದ ಮಾತು, ಬೇರೆ ಯಾರೂ ಅಲ್ಲ, ಅವನ ಬಾಯಿಂದಲೇ ಬಂತು, ಬೀದಿಗೆಲ್ಲ ಕೇಳುವ ಹಾಗೆ. ಸ್ಕೇಲು ಅದನ್ನು ಸವಿಯಲು ನೋಡಿದ. ಬಾಯೆಲ್ಲ ಕಹಿಯಾಯಿತು. ಇಲ್ಲದ್ದನ್ನು ಇದೆ ಅನ್ನುವವನಲ್ಲ! ಗುರುಗಳ ತಲೆದೂಗು ಅವನಿಗೂ ಇತ್ತು, ಎಂದಿನಿಂದಲೋ ಇತ್ತು, ಅದು ಅವನ ಕಿವಿಗೆ ಬಿದ್ದದ್ದು ಅದನ್ನು ಅವನೇ ಕೈಯಾರೆ ಕಳೆದುಕೊಂಡ ಮೇಲೆ. ಕಿಟಕಿಯಲ್ಲಿ ದೊಡ್ಡ ಚಪ್ಪಲಿ ಹೊರಟಿತು, ಎಡ ಬಲ ಎಡ, ಚೌಕಟ್ಟು ದಾಟಿತು.

ಸ್ಕೇಲು ಮೆಟ್ಟಿಲು ಹತ್ತಿ ಓಡಿದ. ಬಾಗಿಲಲ್ಲಿ ನಿಂತಿದ್ದ ಮೇಡಂ ಪಕ್ಕಕ್ಕೆ ಸರಿದರು. “ನಿಂತ್ಕೊ!” ಎಂದು ಕೂಗಿದ. ಗುಬ್ಬಚ್ಚಿ ನಡೆಯುತ್ತಲೇ ಇದ್ದ. “ಏ ಗುಬ್ಬಚ್ಚಿ! ನಿಂತ್ಕೊಳೋ!” ಕ್ಷೌರಿಕ ಹೊರಗೆ ಬಂದ, ಮೇಲಿನ ಕಿಟಕಿಯಲ್ಲಿ ಹೆಂಡತಿ ಬಂದಳು. ಬೀದಿಯಲ್ಲಿದ್ದವರೆಲ್ಲ ತಿರುಗಿದರು, ತಿರುಗಬೇಕಾದವನೊಬ್ಬನನ್ನು ಬಿಟ್ಟು. ಆ ಅಗಲವಾದ ಬೆನ್ನು ದೂರ ಹೋಗುತ್ತಲೇ ಇತ್ತು. ಸ್ಕೇಲು ಏದುಸಿರು ಬಿಡುತ್ತ ಓಡಿ, ತಿರುವಿನ ಹತ್ತಿರ ಅವನ ತೋಳು ಹಿಡಿದು ಎಳೆದ.

“ಸದ್ದು ಹೋಗಿತ್ತು” ಎಂದ, ಮೆಲ್ಲಗೆ, ಇಬ್ಬರಿಗೆ ಮಾತ್ರ ಕೇಳುವ ಹಾಗೆ.

“ಏನು?” ಗುಬ್ಬಚ್ಚಿ ಎಡಗಿವಿಯನ್ನು ಮುಂದೆ ತಂದ. “ಕೇಳಿಸ್ಲಿಲ್ಲ. ಜೋರಾಗಿ ಹೇಳು.”

ಸ್ಕೇಲು ಸುತ್ತ ನೋಡಿದ. ಕ್ಷೌರಿಕ ಕತ್ತರಿ ಹಿಡಿದು ನಿಂತಿದ್ದ. ಮೇಡಂ ಹತ್ತಿರ ಬರುತ್ತಿದ್ದರು. ಹೆಂಡತಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದಳು.

“ಸದ್ದು ಹೋಗಿತ್ತು!” ಎಂದು ಕೂಗಿದ. “ಎರಡು ಸಲವೂ ಹೋಗಿತ್ತು! ನಿನ್ನ ಕೈ ಸರಿಯಾಗೇ ಹೇಳ್ತು! ನಾನು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ!”

ಗುಬ್ಬಚ್ಚಿ ಅವನ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಅಂಗೈಯನ್ನು ಬಟ್ಟಲು ಮಾಡಿ ಎಡಗಿವಿಗೆ ಹಿಡಿದ.

“ಇನ್ನೊಂದ್ಸಲ ಹೇಳು” ಎಂದ.

ಕೇಳಿಸಲಿಲ್ಲವೋ, ಕೇಳಿದ್ದು ಸಾಲಲಿಲ್ಲವೋ, ಆ ಮುಖದಿಂದ ಗೊತ್ತಾಗುವ ಹಾಗಿರಲಿಲ್ಲ. ಸ್ಕೇಲು ಉಸಿರು ಎಳೆದುಕೊಂಡು, ಮೊದಲಿಗಿಂತ ಜೋರಾಗಿ, ಮೊದಲಿನಿಂದ ಹೇಳಿದ.